ಟಿಬಿಲಿಸಿಯಲ್ಲಿ ಹುಳಿ ಬಿಟ್ಟ ರಂಜಕ

ಜೇವರ್ಗಿ

ವಿದೇಶಕ್ಕೆ ಹೋಗುವವರು ಅಲ್ಲಿ ನೋಡಬೇಕಾದ ಜಾಗಗಳ ಬಗ್ಗೆ ಓದಿಕೊಂಡು ಹೋಗುತ್ತಾರೆ. ನಾನು ಒಂದು ಬ್ಯಾಕ್ಟೀರಿಯಾದ ಬಗ್ಗೆ ಓದಿಕೊಂಡು ಹೋದೆ.

ಅದರ ಹೆಸರು ಕ್ಲಾಸ್ಟ್ರಿಡಿಯಂ ಬೊಟುಲಿನಂ. ಜೇವರ್ಗಿಯ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವ ನನಗೆ ಈ ಹೆಸರು ಹೊಸದಲ್ಲ. ಒಂದು ಅಂಕದ ಪ್ರಶ್ನೆಗೆ ಅದು ಅನುಕೂಲದ ಉತ್ತರ. ಗಾಳಿಯಾಡದ ಡಬ್ಬಿಯೊಳಗಿನ ಆಹಾರವನ್ನು ವಿಷ ಮಾಡುವ ಜೀವಿ ಯಾವುದು? ಮಕ್ಕಳು ಬರೆಯುತ್ತಾರೆ, ನಾನು ಗೆರೆ ಎಳೆದು ಅಂಕ ಹಾಕುತ್ತೇನೆ. ನಮ್ಮ ಕಡೆ ಡಬ್ಬಿಯಲ್ಲಿ ಸೀಲ್ ಮಾಡಿದ್ದನ್ನು ಉಣ್ಣುವವರು ಯಾರಿದ್ದಾರೆ? ರೊಟ್ಟಿಯನ್ನೂ ಒಣಗಿಸಿಯೇ ಇಡುವ ಜನ ನಾವು. ಆದ್ದರಿಂದ ಜಗತ್ತಿನಲ್ಲಿರುವ ಎಲ್ಲ ರೋಗಗಳ ಬಗ್ಗೆ ಸರತಿಯ ಮೇಲೆ ಚಿಂತೆ ಮಾಡುವ ನಾನು ಇದೊಂದನ್ನು ಮಾತ್ರ ಚಿಂತೆಯಿಂದ ಹೊರಗಿಟ್ಟಿದ್ದೆ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಕೊಳಕೂರಿನ ದಾರಿಯಿಂದ ಮರಳಿ ಬಂದು ನೋಡುವವನು ನಾನು. ಇಂಥವನ ಕಣ್ಣು ತಪ್ಪಿಸಿ ಅದು ನನ್ನ ಹೆಂಡತಿಯ ತಮ್ಮನನ್ನು ಹಿಡಿಯಿತು.

ಅವನ ಹೆಸರು ಶರಣು. ಆಳಂದ ತಾಲೂಕಿನ ಹಿರೋಳ್ಳಿಯವನು. ಅಡುಗೆ ಅವನ ಕಸುಬು. ಜಾರ್ಜಿಯಾ ಎಂಬ ದೇಶದ ರಾಜಧಾನಿ ಟಿಬಿಲಿಸಿಯಲ್ಲಿ ನಮ್ಮ ದೇಶದ ಮಕ್ಕಳು ಗುಂಪು ಗುಂಪಾಗಿ ವೈದ್ಯಕೀಯ ಓದುತ್ತಾರೆ. ಅವರಿಗೆ ಅನ್ನ, ಸಾರು, ಚಪಾತಿ ಹಾಕಲು ಮೆಸ್‌ಗಳಿವೆ. ಅಂಥದೊಂದು ಮೆಸ್ಸಿನಲ್ಲಿ ಅವನು ಅಡುಗೆಯವ. ಕೆಲವು ವರ್ಷ ಅಲ್ಲಿ ದುಡಿದು, ಬಂದು, ಆಳಂದದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಖಾನಾವಳಿ ಹಾಕಬೇಕೆಂಬುದು ಅವನ ಆಸೆ. ಜಾಗವನ್ನೂ ನೋಡಿಟ್ಟಿದ್ದ. ಬೋರ್ಡಿನ ಮೇಲೆ ರೊಟ್ಟಿಯ ಚಿತ್ರ ಯಾವ ಕಡೆ ಇರಬೇಕೆಂದು ಫೋನಿನಲ್ಲಿ ನನ್ನೊಡನೆ ವಾದ ಮಾಡುತ್ತಿದ್ದ.

ಅವನಿಗೆ ಹೀಗಾಗಿದೆ ಎಂದು ಫೋನ್ ಮಾಡಿದವಳು ಸಮೀನಾ. ಜೇವರ್ಗಿಯ ಹುಡುಗಿ, ನನ್ನದೇ ವಿದ್ಯಾರ್ಥಿನಿ, ಈಗ ಅಲ್ಲಿ ಡಾಕ್ಟರಿಕೆಯ ಕೊನೆಯ ವರ್ಷದಲ್ಲಿದ್ದಾಳೆ, ಆ ಮೆಸ್ಸಿನಲ್ಲೇ ಉಣ್ಣುತ್ತಾಳೆ. ಶರಣು ಮಷಿನ್ನಿನ ಉಸಿರಿನ ಮೇಲೆ ಇದ್ದಾನೆಂದು ಹೇಳಿ, ಕಾರಣದ ಹೆಸರನ್ನೂ ಹೇಳಿದಳು. ನಾನು ಇನ್ನೊಮ್ಮೆ ಹೇಳು ಎಂದೆ. ಅವಳು ಮೆಲ್ಲಗೆ, "ನೀವ ಕಲಿಸಿದ್ರಿ ಸರ್, ಅದ ಅದ" ಅಂದಳು.

ನನ್ನ ಹೆಂಡತಿ ಭಾಗ್ಯಾ ಘತ್ತರಗಿಯ ಭಾಗ್ಯವಂತಿಗೆ ಬೇಡಿಕೊಂಡಳು. ನನಗೆ ಒಂದೇ ಮಾತು ಹೇಳಿದಳು: ಅವನನ್ನು ಕರಕೊಂಡು ಬರಬೇಕು. ಬೇಸಿಗೆ ರಜೆ ಹತ್ತಿರವಿತ್ತು. ಹೊರಟೆ.

ವಿಮಾನ ನಿಲ್ದಾಣ

ಭಾಗ್ಯಾ ಚೀಲ ತುಂಬಿಸಿದ್ದಳು. ಕಡಕ್ ರೊಟ್ಟಿಯ ಕಟ್ಟು, ಅದಕ್ಕೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ, ಅಗಸಿ ಹಿಂಡಿಯ ಖಾರದ ಪುಡಿ. ಉಸಿರಿಗೆ ಕೊಳವೆ ಹಾಕಿಕೊಂಡು ಮಲಗಿದವನಿಗೆ ಕಡಕ್ ರೊಟ್ಟಿ ಯಾಕೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಖಾಲಿ ಕೈಲಿ ಹೋಗುವುದಾದರೂ ಹೇಗೆ?

ಟಿಬಿಲಿಸಿಯಲ್ಲಿ ಇಳಿದ ಮೇಲೆ ಒಬ್ಬ ಅಧಿಕಾರಿ ಆ ಕಟ್ಟನ್ನು ಬಿಚ್ಚಿಸಿದ. ಒಂದು ರೊಟ್ಟಿ ಎತ್ತಿ ಬೆಳಕಿಗೆ ಹಿಡಿದ. ಬೆರಳಿನಿಂದ ಬಾರಿಸಿದ. ಸಪ್ಪಳ ಕೇಳಿ ಅವನಿಗೆ ಇನ್ನಷ್ಟು ಅನುಮಾನ ಬಂತು. ತಿನ್ನುವುದು ಎಂದು ನಾನು ಬಾಯಿ ಸನ್ನೆ ಮಾಡಿದೆ. ನೀನೇ ತಿಂದು ತೋರಿಸು ಎಂದು ಅವನೂ ಸನ್ನೆ ಮಾಡಿದ. ಪರದೇಶದ ನೆಲದ ಮೇಲೆ ನಿಂತು, ಹಿಂದಿನ ಸಾಲಿನವರೆಲ್ಲ ನೋಡುತ್ತಿರುವಾಗ, ನೀರಿಲ್ಲದೆ, ಪಲ್ಯವಿಲ್ಲದೆ ಜೋಳದ ಕಡಕ್ ರೊಟ್ಟಿ ಕಡಿದು ನುಂಗಿದೆ. ಗಂಟಲಿಗೆ ಸಿಕ್ಕಿತು. ಕೆಮ್ಮಿದೆ. ಆ ಕ್ಷಣದಲ್ಲೂ ನನ್ನ ತಲೆಗೆ ಬಂದ ಚಿಂತೆ, ನಾನೂ ಆಸ್ಪತ್ರೆ ಸೇರಿದರೆ ನೋಡಲು ಯಾರು ಬರುತ್ತಾರೆ ಎಂಬುದೇ. ಅಧಿಕಾರಿ ನಗುತ್ತ ಬೆನ್ನು ತಟ್ಟಿ ಕಳಿಸಿದ.

ಬಸ್ಸಿನಲ್ಲಿ ಇನ್ನೊಂದು ಗಾಬರಿ. ಆ ಊರಿನ ಜನ ಚರ್ಚ್ ಕಂಡರೆ ಎದೆಯ ಮೇಲೆ ಮೂರು ಸಲ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾರೆ. ಊರ ತುಂಬ ಚರ್ಚುಗಳಿವೆ. ಡ್ರೈವರನೂ ಮಾಡಿಕೊಳ್ಳುತ್ತಾನೆ, ಇಳಿಜಾರಿನಲ್ಲೂ, ತಿರುವಿನಲ್ಲೂ. ನಮ್ಮ ಅಫಜಲಪುರದ ಬಸ್ಸಿನವರು ಘತ್ತರಗಿಯ ಕಮಾನು ಕಂಡಾಗ ಎರಡೂ ಕೈ ಬಿಟ್ಟು ಮುಗಿಯುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ, ಅಲ್ಲಿ ಹೆದರಿಕೆ ಆಗುವುದಿಲ್ಲ. ನಮ್ಮ ದೇವರಿಗೆ ನಮ್ಮ ರಸ್ತೆಯ ತೆಗ್ಗುಗಳ ಪರಿಚಯವಿದೆ ಎಂಬ ನಂಬಿಕೆ ಇರಬೇಕು.

ಬೀದಿನಾಯಿಗಳ ಕಿವಿಗೆ ನಮ್ಮ ಎಮ್ಮೆಗಳಿಗೆ ಹಾಕುವಂಥ ಪ್ಲಾಸ್ಟಿಕ್ ಬಿಲ್ಲೆ. ಸೂಜಿ ಹಾಕಿಸಿದ ಗುರುತಂತೆ. ಒಂದು ನಾಯಿ ಆಸ್ಪತ್ರೆಯ ಗೇಟಿನವರೆಗೆ ನನ್ನ ಜೊತೆ ಬಂತು. ರೊಟ್ಟಿಯ ತುಂಡು ಹಾಕಿದೆ. ಮೂಸಿ, ನನ್ನ ಮುಖ ನೋಡಿ, ಬಿಟ್ಟು ಹೋಯಿತು.

ಮೆಸ್ಸಿನ ಅಡುಗೆಮನೆ

ಆಸ್ಪತ್ರೆಯಲ್ಲಿ ಹೊತ್ತಿಗೆ ಮುಂಚೆ ಒಳಗೆ ಬಿಡಲಿಲ್ಲ. ಸಮೀನಾ ನನ್ನನ್ನು ಮೊದಲು ಮೆಸ್ಸಿಗೆ ಕರೆದೊಯ್ದಳು. ಶರಣುವಿನ ಅಡುಗೆಮನೆ ನೆಲಮಾಳಿಗೆಯಲ್ಲಿದೆ. ಬಿಸಿನೀರಿನ ಕೊಳವೆಗಳು ಗೋಡೆಗುಂಟ ಹೋಗುತ್ತವೆ, ಹೊರಗೆ ಚಳಿ ಇದ್ದರೂ ಒಳಗೆ ಬೆಚ್ಚಗೆ. ಆ ಕೊಳವೆಗಳ ಮೇಲಿನ ಹಲಗೆಯಲ್ಲಿ ಬಾಟಲಿಗಳು ಇದ್ದವಂತೆ. ಆರೋಗ್ಯ ಇಲಾಖೆಯವರು ಎಲ್ಲ ಒಯ್ದಿದ್ದರು. ಎಣ್ಣೆಯ ಉಂಗುರಗಳು ಮಾತ್ರ ಹಲಗೆಯ ಮೇಲೆ ಉಳಿದಿದ್ದವು.

ಆ ದೇಶದ ಪ್ರತಿ ಮನೆಯಲ್ಲೂ ಬಾಟಲಿ ತುಂಬುವ ಪದ್ಧತಿ ಇದೆ. ಬೇಸಿಗೆಯಲ್ಲಿ ಬದನೆ, ಬೀನ್ಸ್, ಮೆಣಸಿನಕಾಯಿ, ಸೊಪ್ಪು ಬೇಯಿಸಿ ಗಾಜಿನ ಬಾಟಲಿಗೆ ತುಂಬಿ, ತಗಡಿನ ಮುಚ್ಚಳವಿಟ್ಟು, ಕೈಯಿಂದ ತಿರುವುವ ಒಂದು ಯಂತ್ರದಿಂದ ಗಾಳಿ ಹೋಗದಂತೆ ಬಿಗಿಯುತ್ತಾರೆ. ಚಳಿಗಾಲವೆಲ್ಲ ಅದೇ ಊಟ. ನಾವು ಬಿಸಿಲಿಗೆ ಒಣಗಿಸಿ ಉಳಿಸುತ್ತೇವೆ, ಅವರು ಬಾಯಿ ಬಿಗಿದು ಉಳಿಸುತ್ತಾರೆ. ಬಿಸಿಲು ನಮ್ಮಲ್ಲಿ ಬೇಕಾದಷ್ಟಿದೆ, ಅವರಿಗೆ ಇಲ್ಲ. ಪಕ್ಕದ ಮನೆಯ ಮುದುಕಿಯಿಂದ ಶರಣು ಆ ಯಂತ್ರ ತಿರುವುವುದನ್ನು ಕಲಿತಿದ್ದ.

ಕಲಿತವನು ಬಾಟಲಿಗಳಲ್ಲಿ ನಮ್ಮ ಕಡೆಯ ಕೆಂಪು ಖಾರ, ರಂಜಕ, ತುಂಬಿದ. ನಮ್ಮ ಮನೆಗಳಲ್ಲಿ ರಂಜಕಕ್ಕೆ ಮೆಣಸಿನಕಾಯಿ, ಬೆಳ್ಳುಳ್ಳಿ, ಕೈತುಂಬ ಉಪ್ಪು, ಮೇಲೆ ಲಿಂಬಿರಸ. ಕಲ್ಲಿನಲ್ಲಿ ಕುಟ್ಟಿ, ಭರಣಿಯಲ್ಲಿಟ್ಟು, ಬಾಯಿಗೆ ಬಟ್ಟೆ ಕಟ್ಟುತ್ತೇವೆ. ಶರಣುವಿನ ಮೆಸ್ಸಿನಲ್ಲಿ ಉಣ್ಣುವವರು ಎಲ್ಲ ರಾಜ್ಯದ ಮಕ್ಕಳು. ಹುಳಿ ಬಹಳ, ಉಪ್ಪು ಬಹಳ ಎಂದು ಅವರು ಮುಖ ಮಾಡಿದ್ದರು. ಅವರಿಗಾಗಿ ಅವನು ಲಿಂಬಿ ಬಿಟ್ಟ, ಉಪ್ಪು ಇಳಿಸಿದ. ಕೆಡಬಾರದೆಂದು ಮೇಲೆ ಎಣ್ಣೆ ಹೊಯ್ದು, ಮುಚ್ಚಳ ಬಿಗಿದು, ಬೆಚ್ಚನೆಯ ಹಲಗೆಯ ಮೇಲೆ ಸಾಲಾಗಿಟ್ಟ. ಮೆಣಸಿನಕಾಯಿ ಹಿರೋಳ್ಳಿಯ ಹೊಲದ್ದು, ನಾವೇ ಪಾರ್ಸಲ್ ಕಳಿಸಿದ್ದು. ಬೆಳ್ಳುಳ್ಳಿ ಅಲ್ಲಿನ ಸಂತೆಯದ್ದು.

ವಿಡಿಯೋ ಮಾಡಿ ನಮಗೂ ಕಳಿಸಿದ್ದ. ಬಾಟಲಿಗಳು ಕೆಂಪಗೆ ಹೊಳೆಯುತ್ತಿದ್ದವು. ನಾನು ನೋಡಿ ಹೆಬ್ಬೆರಳು ಎತ್ತಿದ ಶಭಾಶ್ ಗುರುತು ಕಳಿಸಿದೆ.

ಈ ಬ್ಯಾಕ್ಟೀರಿಯಾದ ಬೀಜಕಗಳು ಮಣ್ಣಿನಲ್ಲಿ ಮಲಗಿರುತ್ತವೆ. ಕುದಿಸಿದರೂ ಸಾಯುವುದಿಲ್ಲ. ಗಾಳಿ ಇದ್ದಲ್ಲಿ, ಹುಳಿ ಇದ್ದಲ್ಲಿ, ಉಪ್ಪು ಹೆಚ್ಚಿದ್ದಲ್ಲಿ ಏಳುವುದಿಲ್ಲ. ನಮ್ಮ ಅಜ್ಜಿಯರಿಗೆ ಅದರ ಹೆಸರು ಗೊತ್ತಿರಲಿಲ್ಲ, ಆದರೆ ಅದು ಏಳುವ ಬಾಗಿಲುಗಳನ್ನೆಲ್ಲ ಲಿಂಬಿಹಣ್ಣಿನಿಂದ ಮುಚ್ಚಿದ್ದರು. ಶರಣು ಒಂದೊಂದಾಗಿ ತೆರೆದ, ಮಕ್ಕಳ ಮೇಲಿನ ಅಕ್ಕರೆಯಿಂದ.

ಬಡಿಸುವ ಮುಂಚೆ ರುಚಿ ನೋಡಲು ಒಂದು ಬಾಟಲಿ ಒಡೆದು ಬಿಸಿರೊಟ್ಟಿಗೆ ಹಚ್ಚಿಕೊಂಡು ತಿಂದ. ಮರುದಿನವೂ ತಿಂದ. ಆಮೇಲೆ ಹಂಚಿನ ಮೇಲೆ ಒಂದು ರೊಟ್ಟಿ ಹಾಕಿದರೆ ಎರಡು ಕಾಣುತ್ತವೆ, ಕೆಲಸ ಅರ್ಧ ಆಯಿತು ಎಂದು ನಗೆಯಾಡಿದನಂತೆ. ನಾಲಗೆ ತೊದಲಿತು. ಇವನು ಕುಡಿದಿದ್ದಾನೆಂದು ಮೆಸ್ಸಿನ ಮಾಲೀಕ ಬೈದ. ಕೊರಳಲ್ಲಿ ಲಿಂಗ ಕಟ್ಟಿದವನು, ವಾಸನೆಗೂ ಹೋಗದವನು. ಅವನ ರೆಪ್ಪೆ ಜೋತುಬಿದ್ದದ್ದನ್ನು ಸಮೀನಾ ನೋಡದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಹಲಗೆಯ ಮೇಲಿನ ಉಂಗುರಗಳನ್ನು ಒರೆಸುತ್ತ ಅವಳು, "ನಮ್ಮ ಪಾಲಿಂದು ಅವರೊಬ್ಬರ ಉಂಡಾರ್ರಿ ಸರ್" ಅಂದಳು.

ಆಸ್ಪತ್ರೆ, ತಲೆಯ ಕಡೆ

ಶರಣು ಸತ್ತವನ ಹಾಗೆ ಮಲಗಿದ್ದ. ಕತ್ತಿಗೆ ಕೊಳವೆ, ಎದೆ ಮಷಿನ್ನಿನ ತಾಳಕ್ಕೆ ಏರಿಳಿಯುತ್ತಿತ್ತು. ಮುಖದಲ್ಲಿ ಒಂದು ಗೆರೆ ಅಲುಗುತ್ತಿರಲಿಲ್ಲ. ವಿಷಕ್ಕೆ ಪ್ರತಿವಿಷ ಕೊಟ್ಟಾಗಿತ್ತು. ಆದರೆ ಆಗಲೇ ನರದ ತುದಿಗೆ ಹೋಗಿ ಕುಳಿತ ವಿಷವನ್ನು ಅದು ಕೀಳಲಾರದು. ನರ ಹೊಸ ಚಿಗುರು ಒಡೆಯುವವರೆಗೆ ಕಾಯಬೇಕು. ಎಷ್ಟು ದಿನ ಎಂದು ಕೇಳಿದರೆ ಯಾರೂ ಹೇಳರು.

ಎತೇರಿ ಎಂಬ ದಾದಿ ಅವನನ್ನು ನೋಡಿಕೊಳ್ಳುತ್ತಿದ್ದಳು. ನನ್ನ ವಯಸ್ಸಿನವಳು, ಗಟ್ಟಿ ಹೆಣ್ಣುಮಗಳು. ಮಂಚದ ಕಾಲ ಕಡೆ ಕುರ್ಚಿ ಹಾಕಿ ನನಗೆ ಕೂರಲು ತೋರಿಸಿದಳು. ನಾನು ಅದನ್ನು ಎತ್ತಿ ತಲೆಯ ಕಡೆ ಇಟ್ಟುಕೊಂಡೆ. ಮರುದಿನ ಮತ್ತೆ ಕಾಲ ಕಡೆ ಇಟ್ಟಿದ್ದಳು. ಮತ್ತೆ ಎತ್ತಿಟ್ಟೆ. ನಮ್ಮಲ್ಲಿ ಅಕ್ಕನ ಗಂಡನಾದವನು ಹೆಂಡತಿಯ ತಮ್ಮನ ಕಾಲ ಕಡೆ ಕೂರುವುದಿಲ್ಲ. ಕೂತರೆ ಆ ತಮ್ಮನಿಗೇ ಪಾಪ ತಟ್ಟುತ್ತದೆ ಎನ್ನುತ್ತಾರೆ. ಇಷ್ಟನ್ನು ಸನ್ನೆಯಲ್ಲಿ ಹೇಳುವುದು ಹೇಗೆ? ಎತೇರಿ ಏನೋ ಗೊಣಗಿ ಬಿಟ್ಟುಬಿಟ್ಟಳು.

ಒಳಗೆ ಬಿಡುವ ಹೊತ್ತೆಲ್ಲ ತಲೆಯ ಕಡೆ ಕುಳಿತು ಮಾತಾಡಿದೆ. ಊರಿನಲ್ಲಿ ಕಾಯಿಲೆಯವರನ್ನು ನೋಡಲು ಹೋಗುವುದಕ್ಕೆ ಮಾತಾಡಿಸಿಕೊಂಡು ಬರುವುದು ಎನ್ನುತ್ತೇವೆ. ಇಲ್ಲಿ ಅವನು ಮಾತಾಡುವಂತಿರಲಿಲ್ಲ, ಅವನ ಪಾಲಿನದನ್ನೂ ನಾನೇ ಆಡಿದೆ. ಸುತ್ತ ಕನ್ನಡ ತಿಳಿಯುವವರಿಲ್ಲ ಎಂಬುದು ನಾಲಗೆಗೆ ಒಂದು ಥರದ ರಜೆ. ಮನಸ್ಸಿನಲ್ಲಿದ್ದದ್ದೆಲ್ಲ ಹೊರಗೆ ಬಂತು. ಹೆಚ್ಚುಕಮ್ಮಿ ಆದರೆ ಇವನನ್ನು ಹಿರೋಳ್ಳಿಯವರೆಗೆ ಒಯ್ಯುವುದು ಹೇಗೆ, ವಿಮಾನದಲ್ಲಿ ಬಿಡುತ್ತಾರೋ ಇಲ್ಲವೋ, ಅತ್ತೆಗೆ ಯಾರು ಹೇಳುವುದು, ಬದುಕಿದರೂ ಎದ್ದು ನಡೆಯುತ್ತಾನೋ, ಖಾನಾವಳಿಗೆ ನೋಡಿದ ಜಾಗವನ್ನು ಬಿಟ್ಟುಬಿಡಲು ಹೇಳಬೇಕೋ. ಚಿಂತೆಗೆ ಇಂಥ ಸಮಾಧಾನದ ಶ್ರೋತೃ ನನಗೆ ಜೀವನದಲ್ಲಿ ಸಿಕ್ಕಿರಲಿಲ್ಲ. ಭಾಗ್ಯಾ ಆಗಿದ್ದರೆ ಮೊದಲ ವಾಕ್ಯಕ್ಕೇ ಎದ್ದು ಒಳಗೆ ಹೋಗುತ್ತಿದ್ದಳು.

ಪ್ರಯೋಗಾಲಯ

ಬಾಟಲಿಗಳನ್ನು ಪರೀಕ್ಷಿಸಿದ ಪ್ರಯೋಗಾಲಯದವರು ಕರೆದರು. ಮೆಣಸಿನಕಾಯಿ ಎಲ್ಲಿಯದು, ಬೆಳ್ಳುಳ್ಳಿ ಎಲ್ಲಿಯದು ಎಂದು ಕೇಳಬೇಕಿತ್ತಂತೆ. ನಾನು ಹೋದದ್ದು ಬೇರೆ ಭಯದಿಂದ. ಆ ಬೀಜಕ ನಮ್ಮ ಹಿರೋಳ್ಳಿಯ ಮಣ್ಣಿನದಾಗಿದ್ದರೆ? ನಾವೇ ಪ್ಯಾಕ್ ಮಾಡಿ, ಅಂಟು ಹಚ್ಚಿ, ವಿಳಾಸ ಬರೆದು ಅವನಿಗೆ ಕಳಿಸಿದ್ದರೆ? ಭಾಗ್ಯಾ ಇದೇ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಲಾರದೆ ದಿನವೂ ಫೋನಿನಲ್ಲಿ ಸುತ್ತು ಬಳಸಿ ಕೇಳುತ್ತಿದ್ದಳು.

ಬಿಳಿಗಡ್ಡದ ವಿಜ್ಞಾನಿಯೊಬ್ಬರು ಇದ್ದರು. ಇಂಗ್ಲಿಷ್ ಮಾತಾಡುತ್ತಿದ್ದರು. ನಾನೂ ಜೀವಶಾಸ್ತ್ರದವನೆಂದು ತಿಳಿದು, ಹಳೆಯ ಗೆಳೆಯ ಸಿಕ್ಕಂತೆ ಚಹಾ ಹಾಕಿಕೊಟ್ಟರು, ಪರದೆಯ ಮೇಲೆ ಆ ಜೀವಿಯ ಜೀನುಗಳ ಸಾಲನ್ನು ತೋರಿಸಿದರು.

ನಾನು ಇಷ್ಟು ವರ್ಷ ಒಂದು ಹೆಸರು ಎಂದುಕೊಂಡದ್ದು ಒಂದು ದೊಡ್ಡ ಕೂಡುಕುಟುಂಬ. ವಿಷ ಮಾಡುವ ಕಲೆ ಒಂದೇ, ಮನೆತನಗಳು ಬೇರೆ ಬೇರೆ. ವಿಷದ ಜೀನ್ ಕೆಲವುಗಳಲ್ಲಿ ಮುಖ್ಯ ವರ್ಣತಂತುವಿನಲ್ಲೇ ಇರುತ್ತದೆ. ಕೆಲವುಗಳಲ್ಲಿ ಪಕ್ಕದಲ್ಲಿ ಬೇರೆಯಾಗಿ ಸುತ್ತುವ ಸಣ್ಣ ಉಂಗುರದಲ್ಲಿ ಇರುತ್ತದೆ, ಇನ್ನು ಕೆಲವಕ್ಕೆ ಬ್ಯಾಕ್ಟೀರಿಯಾವನ್ನೇ ಹಿಡಿಯುವ ಒಂದು ವೈರಸ್ ಹೊತ್ತು ತಂದು ಕೊಡುತ್ತದೆ. ಆ ಹೊರೆ ಕಳೆದುಹೋದರೆ ಅದೇ ಜೀವಿ ಮಣ್ಣಿನಲ್ಲಿ ಯಾರಿಗೂ ತೊಂದರೆ ಕೊಡದೆ ಬಾಳುತ್ತದೆ. ಜಗತ್ತಿನ ಅತಿ ಘೋರ ವಿಷದ ಪಾಕವಿಧಾನ ಕೆಲವೊಮ್ಮೆ ಬೇರೆಯವರ ಸಾಮಾನು. ಮನುಷ್ಯನನ್ನು ಕೊಂದು ಅದಕ್ಕೆ ಏನು ಲಾಭ ಎಂದು ಕೇಳಿದೆ. ಅವರು ಚಹಾದ ಕಪ್ಪನ್ನೇ ನೋಡುತ್ತ, ಅದಕ್ಕೆ ಮನುಷ್ಯ ಇದ್ದಾನೆಂಬುದೇ ಗೊತ್ತಿಲ್ಲ ಎಂದರು.

ಶರಣುವಿನ ಬಾಟಲಿಯಲ್ಲಿದ್ದದ್ದಕ್ಕೆ ಎರಡು ವಿಷಗಳ ಜೀನ್ ಇತ್ತು. ಒಂದನ್ನು ಅದು ಓದಿ ವಿಷ ಮಾಡುತ್ತದೆ. ಎರಡನೆಯದು ಹೆಚ್ಚುಕಡಿಮೆ ಪೂರ್ತಿ ಇದೆ, ಆದರೆ ನಡುವೆ ಒಂದು ಕಡೆ ಕೆಟ್ಟಿದೆ, ಆದ್ದರಿಂದ ಓದು ಅಲ್ಲಿಗೇ ನಿಂತು ಬಿಡುತ್ತದೆ. ಅಂಥದನ್ನು ಮೂಕ ಜೀನ್ ಎನ್ನುತ್ತಾರಂತೆ. ಅಕ್ಷರಗಳೆಲ್ಲ ಇದ್ದೂ ಹೊರಗೆ ಏನೂ ಬರುವುದಿಲ್ಲ. ಈ ಜೋಡಿ, ಜೀನುಗಳ ಸಾಲಿನ ಉಳಿದ ಗುರುತುಗಳು, ಎಲ್ಲವೂ ಅವರ ದೇಶದ ಬಾಟಲಿಗಳಲ್ಲಿ ಹಿಂದೆ ಸಿಕ್ಕವುಗಳಿಗೆ ಬಹಳ ಹತ್ತಿರದ ನೆಂಟ. ನೂರಕ್ಕೆ ನೂರು ಎಂದು ಹೇಳಲಾರೆ, ಆದರೆ ಸಂತೆಯ ಬೆಳ್ಳುಳ್ಳಿಗೆ ಅಂಟಿದ್ದ ಮಣ್ಣಿನಿಂದ ಬಂದಿರಬೇಕು ಎಂದರು.

ನಮ್ಮ ಮಣ್ಣಲ್ಲ. ಆ ಮುದುಕರ ಕೈ ಹಿಡಿದು ಕುಲುಕಿದೆ. ಹಗುರಾಗಿ ಹೊರಗೆ ಬಂದೆ. ಒಂದು ದೇಶದ ಮಣ್ಣನ್ನು ಬಿಡಿಸಿ ಇನ್ನೊಂದು ದೇಶದ ಮಣ್ಣಿನ ಮೇಲೆ ಹಾಕಿದರೆ ಮಂಚದ ಮೇಲಿದ್ದವನಿಗೆ ಏನು ಗುಣವಾಗುತ್ತದೆ ಎಂದು ಆ ಹೊತ್ತಿಗೆ ಹೊಳೆಯಲಿಲ್ಲ.

ಆಸ್ಪತ್ರೆಗೆ ಬಂದು, ಶರಣುವಿನ ತಲೆಯ ಹತ್ತಿರ ಕುಳಿತೇ ಭಾಗ್ಯಾಗೆ ಫೋನ್ ಮಾಡಿದೆ. ಅವಳು ತವರಿನಲ್ಲಿದ್ದಳು.

"ನಮ್ಮ ಮೆಣಸಿನಕಾಯಿದಾಗ ಏನೂ ಇರಲಿಲ್ಲ, ಚಿಂತಿ ಬಿಡು. ನಿನ್ನ ತಮ್ಮಂದೇ ತಪ್ಪು" ಅಂದೆ. "ಹುಳಿ ಬಿಟ್ಟಾನ, ಉಪ್ಪು ಬಿಟ್ಟಾನ, ಮ್ಯಾಲ ಬಾಯಿ ಬಿಗಿದಾನ. ವಿಷ ತಾನ ಕುಟ್ಟಿ ತಾನ ತಿಂದಾನ. ಇವ ಬದುಕಿ ಬಂದ್ರೂ ಊರಾಗ ಇವನ ಕೈಯಾಂದು ಇನ್ನ ಯಾರು ಉಣ್ತಾರ? ಖಾನಾವಳಿ ಅಂತ ಖಾನಾವಳಿ."

ಆ ಕಡೆ ಯಾರೋ ಕೆಮ್ಮಿದರು. ಆಮೇಲೆ ಇನ್ನೊಬ್ಬರು. ಭಾಗ್ಯಾ ಫೋನನ್ನು ಸ್ಪೀಕರಿನಲ್ಲಿ ಇಟ್ಟಿದ್ದಳು. ನಮ್ಮ ಕಡೆ ಪರದೇಶದ ಫೋನು ಬಂತೆಂದರೆ ಓಣಿಯವರೆಲ್ಲ ಸುತ್ತ ಕೂರುತ್ತಾರೆ. ಹಿರೋಳ್ಳಿಯ ಅರ್ಧ ಊರು ಅಂದು ಅತ್ತೆಯ ಪಡಸಾಲೆಯಲ್ಲಿ ನನ್ನ ಮಾತು ಕೇಳಿತು.

ಆಸ್ಪತ್ರೆ, ಕಾಲ ಕಡೆ

ಫೋನಿಟ್ಟ ಮೇಲೆ ಎತೇರಿ ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. ಏನು ತಪ್ಪಾಯಿತೆಂದು ನಾನು ಹೆದರಿ ಅವಳ ಹಿಂದೆ ಹೋದೆ. ಅವಳು ಮಂಚದ ಕಾಲ ಕಡೆ ಹೋಗಿ ಹೊದಿಕೆ ಸರಿಸಿದಳು. ಶರಣುವಿನ ಬಲಗಾಲಿನ ಹೆಬ್ಬೆರಳು ಅಲುಗುತ್ತಿತ್ತು.

ಈ ವಿಷ ಮೇಲಿನಿಂದ ಕೆಳಗೆ ಇಳಿಯುತ್ತದೆ. ಕಣ್ಣು ಮೊದಲು, ಆಮೇಲೆ ನಾಲಗೆ, ಕತ್ತು, ಎದೆ, ಕೈ. ಬುದ್ಧಿಯನ್ನು ಮುಟ್ಟುವುದಿಲ್ಲ, ಕಿವಿಯನ್ನು ಮುಟ್ಟುವುದಿಲ್ಲ. ಇವನ ಮೈಯಲ್ಲಿ ಅದು ಕಾಲಿನ ಬೆರಳಿಗೆ ತಲುಪುವಷ್ಟರಲ್ಲಿ ಪ್ರತಿವಿಷ ತಡೆದಿತ್ತು. ವಿಷ ಕಿವಿಗೆ, ಬುದ್ಧಿಗೆ ತಟ್ಟದೆಂಬುದನ್ನು ನಾನು ಓದಿಕೊಂಡೇ ಹೋಗಿದ್ದೆ. ಆದರೂ ಕಣ್ಣು ಮುಚ್ಚಿ ಅಲುಗದೆ ಮಲಗಿದವನು ಕೇಳುವುದಿಲ್ಲ ಎಂದೇ ಮೈ ನಂಬಿತ್ತು.

ಎತೇರಿ ಬಾಗಿ ಅವನಿಗೆ ತನ್ನ ಭಾಷೆಯಲ್ಲಿ ಏನೋ ಕೇಳಿದಳು. ಬೆರಳು ಒಂದು ಸಲ ಬಾಗಿತು. ಇನ್ನೇನೋ ಕೇಳಿದಳು, ಎರಡು ಸಲ ಬಾಗಿತು. ಆಮೇಲೆ ಅವನ ತಲೆಯ ಹತ್ತಿರ ಹೋಗಿ ಎಡಗಣ್ಣಿನ ರೆಪ್ಪೆಯನ್ನು ಹೆಬ್ಬೆರಳಿನಿಂದ, ಕಿಟಕಿಯ ಪರದೆ ಎತ್ತುವ ಹಾಗೆ, ಮೇಲೆತ್ತಿ ಹಿಡಿದಳು. ಒಳಗೆ ಶರಣು ಇದ್ದ. ನೇರವಾಗಿ ನೋಡುತ್ತಿದ್ದ.

ನಾನು ಕಾಲ ಕಡೆಯೇ ನಿಂತು, "ಕೇಳಸ್ತೇನೋ ಶರಣೂ?" ಅಂದೆ.

ಬೆರಳು ಒಂದು ಸಲ ಬಾಗಿತು.

ಸಂಜೆ ಬಂದ ಸಮೀನಾಳ ಮೂಲಕ ಎತೇರಿ ಉಳಿದದ್ದನ್ನು ಹೇಳಿದಳು. ಮೊದಲ ದಿನದಿಂದಲೂ ಅದು ಇವರಿಬ್ಬರ ಮಾತಂತೆ. ಒಂದು ಬಾಗಿದರೆ ಹೌದು, ಎರಡಾದರೆ ಅಲ್ಲ. ನನಗೆ ತೋರಿಸಲೆಂದೇ ದಿನವೂ ಕುರ್ಚಿಯನ್ನು ಆ ಕಡೆ ಇಡುತ್ತಿದ್ದಳಂತೆ. ನಾನು ಎತ್ತಿ ಎತ್ತಿ ಇತ್ತ ಇಡುವುದನ್ನು ಕಂಡು, ಇವರ ಧರ್ಮದಲ್ಲಿ ಏನೋ ಇದ್ದೀತು ಎಂದು ಸುಮ್ಮನಾದಳಂತೆ. ಸಮೀನಾ ಇದನ್ನೆಲ್ಲ ನೆಲ ನೋಡುತ್ತ ಹೇಳಿದಳು. ಕನ್ನಡದಲ್ಲಿ ನಾನು ಏನೇನು ಆಡಿದ್ದೆನೆಂದು ಅವಳು ಕೇಳಲಿಲ್ಲ.

ಅಂದಿನಿಂದ ಕಾಲ ಕಡೆ ಕುಳಿತೆ. ಮಾತು ಬಿಟ್ಟುಬಿಟ್ಟೆ. ಏನು ಆಡಲಿ? ಹೆಣ ಒಯ್ಯುವ ದಾರಿಯನ್ನು ಅವನ ಕಿವಿಯ ಮೇಲೇ ಯೋಚಿಸಿದ್ದೆ. ಊರಿಗೆಲ್ಲ ಕೇಳುವಂತೆ ಅವನ ಕೈಯ ಅಡುಗೆಗೆ ಕೆಟ್ಟ ಹೆಸರಿಟ್ಟಿದ್ದೆ. ಬಂದ ಕೂಡಲೇ ಮೆಲ್ಲಗೆ ಕೂರುವುದು, ಹೊತ್ತು ಮುಗಿದರೆ ಮೆಲ್ಲಗೆ ಏಳುವುದು. ಕುರ್ಚಿ ಕಿರುಗುಟ್ಟದಂತೆ ಅದರ ಕಾಲಿಗೆ ಕಾಗದ ಮಡಿಚಿ ಇಟ್ಟೆ. ಬೆರಳು ಮಾತ್ರ ಆಡುತ್ತಿತ್ತು. ಒಮ್ಮೊಮ್ಮೆ ಬಹಳ ಹೊತ್ತು, ಬಿಡದೆ ಆಡುತ್ತಿತ್ತು. ಸಿಟ್ಟಿರಬೇಕು ಎಂದುಕೊಂಡೆ. ಎದ್ದು ಹೋಗು ಅನ್ನುತ್ತಿದ್ದಾನೆ ಎಂದುಕೊಂಡೆ. ಬೇಗ ಎದ್ದು ಹೋಗುತ್ತಿದ್ದೆ.

ನದಿಯ ದಂಡೆ

ಹೋಗುವುದು ನದಿಗೆ. ಟಿಬಿಲಿಸಿಯ ನಡುವೆ ಒಂದು ನದಿ ಹರಿಯುತ್ತದೆ. ನಮ್ಮ ಭೀಮೆಯ ಬಣ್ಣವೇ, ಆದರೆ ಎರಡೂ ಕಡೆ ಕಲ್ಲು ಕಟ್ಟಿ ಬಿಗಿದಿದ್ದಾರೆ, ಇಳಿಯಲು ಆಗದು. ದಂಡೆಯಲ್ಲಿ ಮುದುಕರು ಗಾಳ ಹಾಕಿ ನಿಲ್ಲುತ್ತಾರೆ. ಮೀನು ಸಿಕ್ಕದ್ದನ್ನು ನಾನು ನೋಡಲಿಲ್ಲ. ನನಗೆ ಅವರ ಸಹವಾಸ ಹಿಡಿಸಿತು, ಯಾರೂ ಮಾತಾಡುವುದಿಲ್ಲ.

ಅಲ್ಲಿನ ಬೇಕರಿಯವರು ಬಾವಿಯಂಥ ಒಲೆಯೊಳಗೆ ಸೊಂಟದವರೆಗೆ ಬಗ್ಗಿ ಗೋಡೆಗೆ ರೊಟ್ಟಿ ಬಡಿಯುತ್ತಾರೆ. ಬಿಸಿಯದು ಕೊಂಡು ಅರ್ಧ ತಿಂದು ಅರ್ಧ ಚೀಲಕ್ಕೆ ಹಾಕುತ್ತಿದ್ದೆ. ಒಂದು ದಿನ ರೊಟ್ಟಿ ಮಾರುವ ಹೆಂಗಸು ನನ್ನ ಮುಖ ನೋಡಿ, ಕೈಯಿಂದಲೇ, ಏನಾಯಿತು ಎಂದು ಕೇಳಿದಳು. ನಾನು ಕಣ್ಣು ಮುಚ್ಚಿ ಕೈ ಜೋಲು ಬಿಟ್ಟು ತೋರಿಸಿದೆ. ಅವಳು ತಟ್ಟನೆ ಅಂಗಡಿಯ ಹಲಗೆಯ ಮೇಲಿದ್ದ, ಬಾಯಿ ಬಿಗಿದ ಬಾಟಲಿ ತೋರಿಸಿ ತಲೆಯಾಡಿಸಿದಳು. ಆ ಊರಿನಲ್ಲಿ ಅದನ್ನು ಇನ್ನೊಮ್ಮೆ ವಿವರಿಸಬೇಕಿಲ್ಲ. ಅವರ ಮನೆಯಲ್ಲೂ ಯಾರಿಗೋ ಆಗಿತ್ತೋ ಏನೋ. ಆದರೂ ಬಾಟಲಿ ತುಂಬುವುದನ್ನು ಅವರು ಬಿಟ್ಟಿಲ್ಲ. ಭೀಮೆಗೆ ನೆರೆ ಬಂದು ಹೋದ ಮೇಲೂ ನಾವು ದಂಡೆಯಲ್ಲೇ ಮನೆ ಕಟ್ಟುತ್ತೇವಲ್ಲ, ಹಾಗೆ.

ಭಾಗ್ಯಾ ಫೋನಿನಲ್ಲಿ ಊರಿನ ಸುದ್ದಿ ಹೇಳುವುದನ್ನು ಕಡಿಮೆ ಮಾಡಿದ್ದಳು. ಒತ್ತಾಯ ಮಾಡಿ ಕೇಳಿದಾಗ ಹೇಳಿದಳು. ಖಾನಾವಳಿಯ ಜಾಗದವನು ಅತ್ತೆಯನ್ನು ಕಂಡು, ಅದನ್ನು ಬೇರೆಯವರಿಗೆ ಕೊಡುವುದಾಗಿ ಹೇಳಿದನಂತೆ. ಲಗ್ನದ ಅಡುಗೆಗೆ ಶರಣುವನ್ನೇ ಕರೆಸುತ್ತೇವೆ ಎಂದು ಮೊದಲೇ ಹೇಳಿಟ್ಟಿದ್ದ ಮನೆಯವರು ಬೇರೆಯವರನ್ನು ಗೊತ್ತು ಮಾಡಿದರಂತೆ. ಅವನಿಗೆ ಮೈಯಲ್ಲಿ ಆರಾಮ ಇಲ್ಲವೆಂದು, ಬೇರೆ ಏನಿಲ್ಲವೆಂದು ಹೇಳಿದರಂತೆ. ಹಾಗೆ ಹೇಳಿದರು ಎಂದು ಭಾಗ್ಯಾ ಎರಡು ಸಲ ಹೇಳಿದಳು.

ಹೊರಡುವ ದಿನ

ಚಿಗುರು ಒಡೆಯಿತು. ಮೊದಲು ರೆಪ್ಪೆ ಅರ್ಧ ತೆರೆಯಿತು, ಆಮೇಲೆ ಬೆರಳುಗಳು, ಆಮೇಲೆ ಉಸಿರು. ಮಷಿನ್ ಬಿಡಿಸಿ, ಕತ್ತಿನ ಕೊಳವೆ ತೆಗೆದು, ತೂತಿಗೆ ಪಟ್ಟಿ ಹಾಕಿದರು. ಅವನಿಗೆ ಸ್ವರ ಬಂದದ್ದು ಎಲ್ಲಕ್ಕಿಂತ ಕೊನೆಗೆ. ಮೂಗಿನೊಳಗಿಂದ ಬರುವ, ತೆಳ್ಳಗಿನ, ಯಾರದೋ ಸ್ವರ.

ನನ್ನ ರಜೆ ಮುಗಿದಿತ್ತು, ಅಂದೇ ವಿಮಾನ, ಟ್ಯಾಕ್ಸಿಗೂ ಹೇಳಿ ಆಗಿತ್ತು. ಕೆಲವು ವಾರ ಕಳೆದರೆ ಅವನೂ ಪ್ರಯಾಣ ಮಾಡಬಹುದು ಎಂದು ಡಾಕ್ಟರು ಹೇಳಿದ್ದರು. ಬೇಕಾದರೆ ಟಿಕೆಟಿನ ದಿನವನ್ನು ಮುಂದೆ ಹಾಕುತ್ತೇನೆ, ಇಬ್ಬರೂ ಕೂಡಿ ಹೋಗೋಣ ಎಂದು ಹೇಳಲು ಹೋದೆ. ಅವನು ದಿಂಬಿಗೆ ಒರಗಿ ಕುಳಿತಿದ್ದ. ಎತೇರಿ ಚಮಚದಿಂದ ಮೊಸರು ತಿನ್ನಿಸುತ್ತಿದ್ದಳು. ನನ್ನನ್ನು ಕಂಡು ಬಟ್ಟಲು ಎತ್ತಿಕೊಂಡು ಹೊರಗೆ ಹೋದಳು. ಕಾಲ ಕಡೆ ಕೂತೆ.

ಬರುವುದಿಲ್ಲ ಅಂದ. ಮೆಸ್ಸಿನ ಮಕ್ಕಳು ಬಂದು ಕೇಳಿದ್ದರಂತೆ, ಮಾಲೀಕನೂ ಬಂದು ಕ್ಷಮೆ ಕೇಳಿದನಂತೆ, ಕೈ ಆಡುವ ಹಾಗೆ ಆದರೆ ಒಲೆಯ ಮುಂದೆಯೇ ನಿಲ್ಲುತ್ತೇನೆ ಅಂದ. ಒಂದೊಂದು ಮಾತಿಗೂ ತಡೆದು ಉಸಿರು ತೆಗೆದುಕೊಳ್ಳುತ್ತಿದ್ದ.

"ಇಲ್ಲಿ ಉಣ್ತಾರ ಮಾಮಾ. ಊರಾಗ ಯಾರು ಉಣ್ತಾರ."

ನನ್ನದೇ ಮಾತು. ನನ್ನದೇ ಶಬ್ದಗಳು, ಅದೇ ಕ್ರಮದಲ್ಲಿ. ಅವನಲ್ಲಿ ವ್ಯಂಗ್ಯ ಇರಲಿಲ್ಲ, ಒ‌ಪ್ಪಿಕೊಂಡವನ ಹಾಗೆ ಹೇಳಿದ. ನಾನು ಎದ್ದು ಅವನ ಕಾಲು ಮುಟ್ಟಲು ಹೋದೆ. ಅವನು ಗಾಬರಿಯಾಗಿ ಕಾಲು ಎಳೆದುಕೊಂಡ, ಎಳೆದುಕೊಳ್ಳಲು ಅವನಿಗೆ ಬಹಳ ಕಷ್ಟವಾಯಿತು. ತಪ್ಪಾಯಿತು, ನೀನು ಕೇಳಿಸಿಕೊಳ್ಳುತ್ತಿದ್ದಿ ಎಂದು ಗೊತ್ತಿದ್ದರೆ ನಾನು ತುಟಿ ಬಿಚ್ಚುತ್ತಿರಲಿಲ್ಲ ಎಂದೆಲ್ಲ ಹೇಳಿದೆ.

ಅವನು ಕೈ ಎತ್ತಿ ನಿಲ್ಲಿಸಿದ. ಬಹಳ ಹೊತ್ತು ಉಸಿರು ಕೂಡಿಸಿಕೊಂಡ.

"ಅದಕ್ಕಲ್ರಿ ಮಾಮಾ. ನೀವು ಮಾತಾಡಾಕತ್ತಾಗ ನಾ ಇದ್ದೆ. ಬೈದ್ರೂ ಇದ್ದೆ. ಹೆಣ ಒಯ್ಯೋ ಲೆಕ್ಕಾ ಹಾಕಿದ್ರಿ, ಆಗ ಒಳಗ ನಕ್ಕೆ. ಆಮ್ಯಾಲ ನೀವು ಸುಮ್ಮನಾದ್ರಿ. ಕಣ್ಣು ಮುಚ್ಚೇದ, ಕತ್ತಲ. ಎತೇರಿದು ಭಾಷಾ ಪೂರಾ ತಿಳಿಯಂಗಿಲ್ಲ. ಮಾಮಾ ಹೋಗ್ಯಾರ ಅಂದ್ಕೊಂಡೆ. ಒಂದಿನ ನಾನ ಹೋಗೇನಿ ಅಂದ್ಕೊಂಡೆ. ಬಟ್ಟು ಆಡಿಸಿ ಆಡಿಸಿ ಕರದೆ. ಇದ್ರೇನ್ರಿ ಅವತ್ತ?"

ಇದ್ದೆ. ಒಂದು ಮೊಳ ದೂರದಲ್ಲಿ ಕುಳಿತು ಆ ಬೆರಳನ್ನೇ ನೋಡುತ್ತಿದ್ದೆ. ಅದನ್ನು ಅವನಿಗೆ ಹೇಳಲಿಲ್ಲ. ತಲೆ ಮಾತ್ರ ಅಲ್ಲಾಡಿಸಿದೆ, ಯಾವ ಕಡೆ ಅಲ್ಲಾಡಿಸಿದೆನೋ ನನಗೇ ತಿಳಿಯದು.

ಅವನು ದಿಂಬಿಗೆ ತಲೆ ಇಟ್ಟ. ಅರ್ಧ ತೆರೆದಿದ್ದ ರೆಪ್ಪೆಗಳು ದಣಿದು ಮುಚ್ಚಿಕೊಂಡವು. ಮುಚ್ಚಿದ ಕಣ್ಣಿನಲ್ಲೇ ಕೇಳಿದ.

"ಟ್ಯಾಕ್ಸಿ ಬರೋತನಾ ಏನರ ಮಾತಾಡ್ರಿ."

ನಾನು ಬಾಯಿ ತೆರೆದೆ. ಐವತ್ತು ವರ್ಷ ಒಂದು ಗಳಿಗೆ ಚಿಂತೆ ಇಲ್ಲದೆ ಕೂತವನಲ್ಲ ನಾನು, ಆಡಲು ಏನಾದರೂ ಇದ್ದೇ ಇರುತ್ತಿತ್ತು. ವಿಮಾನ ತಪ್ಪೀತು, ಚೀಲ ಕಳೆದೀತು, ಜೇವರ್ಗಿಯಲ್ಲಿ ನೀರು ಬಂದಿಲ್ಲವೇನೋ, ಎಷ್ಟೊಂದು. ಒಂದೂ ನಾಲಗೆಗೆ ಬರಲಿಲ್ಲ. ಕುರ್ಚಿಯನ್ನು ಸ್ವಲ್ಪ ಎಳೆದೆ, ಸಪ್ಪಳವಾದರೂ ಆಗಲಿ ಎಂದು. ಅವನು ಆ ಸಪ್ಪಳದ ಕಡೆ ಮುಖ ತಿರುಗಿಸಿ ಕಾದ.

ಕೆಳಗೆ ಹಾರ್ನ್ ಆಯಿತು.